ಕಂಪ್ಯೂಟರ್ ಎಂಬುದು ಒಂದು ಕೆಲಸದ ಹೆಸರಾಗಿತ್ತು

1922ರಲ್ಲಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಹವಾಮಾನದ ಬಗ್ಗೆ ಒಂದು ಪುಸ್ತಕ ಬರೆದರು. ಗಾಳಿ, ಒತ್ತಡ, ಉಷ್ಣತೆಗಳ ಸಮೀಕರಣಗಳನ್ನು ಬಿಡಿಸುತ್ತಾ ಹೋದರೆ ನಾಳೆಯ ಹವೆ ಹೇಗಿರುತ್ತದೆ ಎಂದು ಇವತ್ತೇ ಹೇಳಬಹುದು ಎಂಬುದು ಅವರ ವಾದ. ಆದರೆ ಲೆಕ್ಕ ಮುಗಿಯುವ ಮೊದಲೇ ನಾಳೆ ಬಂದುಬಿಟ್ಟರೆ? ಇಡೀ ಭೂಮಿಯ ಹವೆಯ ವೇಗಕ್ಕೆ ಸರಿಸಮ ಓಡಬೇಕಾದರೆ 64,000 ಕಂಪ್ಯೂಟರ್‌ಗಳು ಬೇಕು ಎಂದು ಅವರು ಅಂದಾಜು ಮಾಡಿದರು. ಅಷ್ಟನ್ನೂ ಕೂರಿಸಲು ಒಂದು ದೊಡ್ಡ ದುಂಡನೆಯ ಸಭಾಂಗಣವನ್ನು ಕಲ್ಪಿಸಿಕೊಂಡರು. ಒಳಗೋಡೆಯ ಮೇಲೆಲ್ಲ ಭೂಪಟ, ನಡುವೆ ಎತ್ತರದ ಕಂಬ, ಅದರ ತುದಿಯಲ್ಲಿ ಒಬ್ಬ ಮೇಲ್ವಿಚಾರಕ. ಲೆಕ್ಕದಲ್ಲಿ ಮುಂದೆ ಓಡಿದವರ ಮೇಲೆ ಅವನು ಗುಲಾಬಿ ಬೆಳಕು ಬಿಡಬೇಕು, ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕು. ಕಟ್ಟಡದ ಹೊರಗೆ ಆಟದ ಮೈದಾನ, ಬೆಟ್ಟ, ಕೆರೆ ಇರಬೇಕು ಎಂದೂ ಸೇರಿಸಿದರು. ಹವೆಯ ಲೆಕ್ಕ ಹಾಕುವವರು ಒಳ್ಳೆಯ ಗಾಳಿಯನ್ನೂ ಕುಡಿಯಬೇಕಲ್ವಾ!

ಕಂಪ್ಯೂಟರ್‌ಗೆ ಯಾಕೆ ಆಟದ ಮೈದಾನ ಎಂದು ಇವತ್ತಿನ ಓದುಗರಿಗೆ ಅನ್ನಿಸಬಹುದು. 1922ರ ಓದುಗರಿಗೆ ಅಂಥ ಗೊಂದಲ ಇರಲಿಲ್ಲ. ಆಗ ಕಂಪ್ಯೂಟರ್ ಎಂದರೆ ಲೆಕ್ಕ ಹಾಕುವ ಕೆಲಸದಲ್ಲಿರುವ ಮನುಷ್ಯ. ಗುಮಾಸ್ತ, ಟೈಪಿಸ್ಟ್ ಇದ್ದ ಹಾಗೆ ಅದೊಂದು ಹುದ್ದೆ.

ಸುಮಾರು ಮುನ್ನೂರು ವರ್ಷ ಈ ಪದಕ್ಕೆ ಅದೇ ಅರ್ಥ ಇತ್ತು. ಆಮೇಲೆ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಹೆಸರು ಯಂತ್ರದ ಪಾಲಾಯಿತು. ಅದು ಹೇಗಾಯಿತು ಎಂದು ಈಗ ನೋಡುವುದಕ್ಕೆ ಕಾರಣ ಇದೆ. ಅಸಿಸ್ಟೆಂಟ್, ಏಜೆಂಟ್ ಎಂಬ ಇನ್ನೆರಡು ಕೆಲಸದ ಹೆಸರುಗಳು ನಮ್ಮ ಕಣ್ಣೆದುರೇ ಅದೇ ದಾರಿ ಹಿಡಿದಿವೆ.

ಮೊದಲು ಪದದ ಬೇರು. ಲ್ಯಾಟಿನ್‌ನಲ್ಲಿ ಪುತಾರೆ ಎಂಬ ಕ್ರಿಯಾಪದ ಇದೆ. ಅದರ ಹಳೆಯ ಅರ್ಥ ಗಿಡದ ಕೊಂಬೆ ಸವರುವುದು, ಚೊಕ್ಕ ಮಾಡುವುದು. ಮುಂದೆ ಅದಕ್ಕೆ ಲೆಕ್ಕ ಚೊಕ್ಕ ಮಾಡುವುದು, ಯೋಚಿಸುವುದು ಎಂಬ ಅರ್ಥಗಳೂ ಬಂದವು. ಜೊತೆಗೆ ಎಂಬರ್ಥದ ಕಾಮ್ ಸೇರಿ ಕಾಂಪುತಾರೆ ಆಯಿತು, ಎಂದರೆ ಎಲ್ಲ ಸೇರಿಸಿ ಲೆಕ್ಕ ಮಾಡುವುದು. ಫ್ರೆಂಚರ ಬಾಯಲ್ಲಿ ಇದೇ ಪದ ಸವೆದು ಇಂಗ್ಲಿಷಿಗೆ ಕೌಂಟ್ ಆಗಿ ಬಂತು, ಅಕೌಂಟ್ ಕೂಡ ಆಯಿತು. ವೈದ್ಯರು ಕೈಕಾಲು ಕತ್ತರಿಸುವುದಕ್ಕೆ ಹೇಳುವ ಆಂಪ್ಯುಟೇಟ್ ಸಹ ಇದೇ ಬೇರಿನದು. ಅಲ್ಲಿ ಮಾತ್ರ ಕೊಂಬೆ ಸವರುವ ಹಳೆಯ ಅರ್ಥ ಹಾಗೇ ಉಳಿದಿದೆ.

ಇಂಗ್ಲಿಷಿನಲ್ಲಿ ಕಂಪ್ಯೂಟರ್ ಪದದ ಅತಿ ಹಳೆಯ ದಾಖಲೆ ಎಂದು ಆಕ್ಸ್‌ಫರ್ಡ್ ನಿಘಂಟು ಕೊಡುವುದು 1613ರದ್ದು. ರಿಚರ್ಡ್ ಬ್ರಾತ್‌ವೇಟ್ ಎಂಬ ಲೇಖಕ ಕಾಲವನ್ನು ಸರಿಯಾಗಿ ಲೆಕ್ಕ ಹಾಕುವವನಿಗೆ ಆ ಪದ ಬಳಸಿದ್ದಾರೆ. ಕಾಲದ ಲೆಕ್ಕ ಎಂಬುದು ಸುಮ್ನೆ ಬಂದದ್ದಲ್ಲ. ಈಸ್ಟರ್ ಹಬ್ಬ ಯಾವ ದಿನ ಬರುತ್ತದೆ ಎಂದು ಕಂಡುಹಿಡಿಯುವ ಲೆಕ್ಕಕ್ಕೆ ಮಧ್ಯಯುಗದ ಯುರೋಪಿನಲ್ಲಿ ಕಾಂಪುತುಸ್ ಎಂದೇ ಹೆಸರಿತ್ತು.

ಇಂಗ್ಲಿಷಿನ ವ್ಯಾಕರಣದಲ್ಲಿ ಒಂದು ತಮಾಷೆ ಇದೆ. ಕ್ರಿಯಾಪದದ ಕೊನೆಗೆ ಸೇರುವ 'ಅರ್' ಎಂಬ ಬಾಲ ಮಾಡುವವನಿಗೂ ಸಲ್ಲುತ್ತದೆ, ಮಾಡುವ ಸಾಧನಕ್ಕೂ ಸಲ್ಲುತ್ತದೆ. ಬೇಕರ್ ಎಂದರೆ ಮನುಷ್ಯ, ಓಪನರ್ ಎಂದರೆ ಸಾಧನ, ಪ್ರಿಂಟರ್ ಎಂದರೆ ಎರಡೂ. ಹತ್ತೊಂಬತ್ತನೇ ಶತಮಾನದ ಕೊನೆಗೆ ಟೈಪ್‌ರೈಟರ್ ಎಂದರೆ ಯಂತ್ರವೂ ಹೌದು, ಅದರ ಮುಂದೆ ಕೂತ ಹೆಣ್ಣುಮಗಳೂ ಹೌದು. ಮನುಷ್ಯನಿಂದ ಯಂತ್ರಕ್ಕೆ ಹೆಸರು ಜಾರಲು ಭಾಷೆಯಲ್ಲೇ ಒಂದು ಕಿಂಡಿ ಇತ್ತು ಎನ್ನಿ. ನಮ್ಮ ಗಣಕ ಪದದ ಕಥೆಯೂ ಹೆಚ್ಚು ಕಡಿಮೆ ಇದೇ. ಸಂಸ್ಕೃತದಿಂದ ಬಂದ ಆ ಪದಕ್ಕೆ ಮೊದಲು ಲೆಕ್ಕಿಗ, ಜೋಯಿಸ ಎಂಬ ಅರ್ಥ. ಕಂಪ್ಯೂಟರ್ ಬಂದಾಗ ಅದಕ್ಕೆ ಯಂತ್ರ ಎಂದು ಸೇರಿಸಿ ಗಣಕಯಂತ್ರ ಮಾಡಿದೆವು. ಈಗ ಬರೀ ಗಣಕ ಎಂದರೂ ಯಂತ್ರವೇ ನೆನಪಾಗುತ್ತದೆ, ಜೋಯಿಸ ನೆನಪಾಗುವುದಿಲ್ಲ.

ಕಿಂಡಿ ಇದ್ದ ಮಾತ್ರಕ್ಕೆ ಪದ ಜಾರುವುದಿಲ್ಲ. ಬೇಕರ್ ಇನ್ನೂ ಮನುಷ್ಯನೇ ಆಗಿದ್ದಾನಲ್ಲ! ಹಾಗಾದರೆ ಕಂಪ್ಯೂಟರ್ ಯಾಕೆ ಜಾರಿತು? ಯಂತ್ರ ಬಂತು, ಹೆಸರು ಕಿತ್ತುಕೊಂಡಿತು ಎನ್ನುವುದು ಸುಲಭದ ಉತ್ತರ. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ಯಂತ್ರ ಬರುವುದಕ್ಕೆ ಬಹಳ ಮೊದಲೇ ಈ ಕೆಲಸವನ್ನು ಚೂರು ಚೂರು ಮಾಡಿ, ಯಾರು ಬೇಕಾದರೂ ಮಾಡಬಹುದಾದ ಕೆಲಸ ಎಂದು ಹೆಸರಿಟ್ಟು, ಕಡಿಮೆ ಸಂಬಳಕ್ಕೆ ಇಳಿಸಲಾಗಿತ್ತು. ಯಂತ್ರ ಕೊನೆಗೆ ಬಂದು ಕೂತದ್ದು ಮನುಷ್ಯರೇ ಅಣಿ ಮಾಡಿಟ್ಟ ಜಾಗದಲ್ಲಿ.

ಹ್ಯಾಲಿ ಧೂಮಕೇತು 1758ರ ಹೊತ್ತಿಗೆ ಮರಳಿ ಬರುತ್ತದೆ ಎಂದು ಎಡ್ಮಂಡ್ ಹ್ಯಾಲಿ ಹೇಳಿದ್ದರು. ಸರಿಯಾಗಿ ಯಾವಾಗ ಎಂದು ತಿಳಿಯಬೇಕಾದರೆ ಗುರು ಮತ್ತು ಶನಿ ಗ್ರಹಗಳ ಸೆಳೆತವನ್ನು ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕಬೇಕಿತ್ತು. ಪ್ಯಾರಿಸ್ಸಿನಲ್ಲಿ ಅಲೆಕ್ಸಿ ಕ್ಲೆರೋ, ಜೆರೋಮ್ ಲಲಾಂದ್, ನಿಕೋಲ್ ರೇನ್ ಲಪೋತ್ ಎಂಬ ಮೂವರು ಆ ಲೆಕ್ಕವನ್ನು ಹಂಚಿಕೊಂಡು ಕೂತರು. ಬೆಳಗಿನಿಂದ ರಾತ್ರಿಯವರೆಗೆ, ಒಮ್ಮೊಮ್ಮೆ ಊಟದ ಹೊತ್ತಿನಲ್ಲೂ ಲೆಕ್ಕ ಮಾಡಿದೆವು ಎಂದು ಲಲಾಂದ್ ಬರೆದಿದ್ದಾರೆ. ಧೂಮಕೇತು ಸೂರ್ಯನಿಗೆ ಅತಿ ಹತ್ತಿರ ಬರುವುದು 1759ರ ಏಪ್ರಿಲ್ ನಡುವಿನಲ್ಲಿ, ಒಂದು ತಿಂಗಳು ಹಿಂದೆ ಮುಂದೆ ಆಗಬಹುದು ಎಂದರು. ಅದು ಬಂದದ್ದು ಮಾರ್ಚ್ 13ಕ್ಕೆ. ಕ್ಲೆರೋ ಮುಂದೆ ಪುಸ್ತಕ ಬರೆದಾಗ ಲಪೋತ್ ಅವರ ಹೆಸರನ್ನು ಕೈಬಿಟ್ಟರು. ಲೆಕ್ಕ ಹಾಕಿದವರು ಮರೆಯಾಗುವುದು ಅಲ್ಲಿಂದಲೇ ಶುರು ಎನ್ನಬಹುದು. ಅದೂ ಮೂವರೂ ಸರಿಸಮ ದುಡಿದ ಕಾಲದಲ್ಲಿ.

ಇಂಗ್ಲೆಂಡಿನಲ್ಲಿ ನೆವಿಲ್ ಮಾಸ್ಕಲಿನ್ ನಾವಿಕರಿಗಾಗಿ ನಾಟಿಕಲ್ ಅಲ್ಮನಾಕ್ ಎಂಬ ಪಂಚಾಂಗ ಹೊರಡಿಸಿದರು. ಮೊದಲ ಸಂಚಿಕೆ 1767ರ ವರ್ಷದ್ದು. ಚಂದ್ರ ಎಲ್ಲಿರುತ್ತಾನೆ ಎಂಬ ಲೆಕ್ಕವನ್ನು ಬೇರೆ ಬೇರೆ ಊರಿನ ಕಂಪ್ಯೂಟರ್‌ಗಳು ಮನೆಯಲ್ಲೇ ಕೂತು ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಇವತ್ತಿನ ವರ್ಕ್ ಫ್ರಮ್ ಹೋಮ್‌ನ ಅಜ್ಜ! ಒಂದೇ ಲೆಕ್ಕವನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಬೇಕು, ಮೂರನೆಯವರು ಎರಡನ್ನೂ ಹೋಲಿಸಿ ನೋಡಬೇಕು. ಇಬ್ಬರು ಕಂಪ್ಯೂಟರ್‌ಗಳು ಒಬ್ಬರದನ್ನೊಬ್ಬರು ನಕಲು ಮಾಡಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡದ್ದೂ ಉಂಟು. ಮೇರಿ ಎಡ್ವರ್ಡ್ಸ್ ಎಂಬ ಮಹಿಳೆ ಇದೇ ಕೆಲಸದಿಂದ ಸಂಸಾರ ನಡೆಸಿದರು. ಕೆಲಸ ಮೊದಲು ಅವರ ಗಂಡನ ಹೆಸರಿನಲ್ಲಿತ್ತು. 1784ರಲ್ಲಿ ಗಂಡ ತೀರಿಕೊಂಡ ಮೇಲೆ ಲೆಕ್ಕ ಮಾಡುತ್ತಿದ್ದದ್ದು ಯಾರು ಎಂಬುದು ಹೊರಬಿತ್ತು. ಅವರ ಮಗಳು ಎಲೈಜಾ ಕೂಡ ಕಂಪ್ಯೂಟರ್ ಆದರು. 1830ರ ದಶಕದ ಮೊದಲಲ್ಲಿ ಕೆಲಸವನ್ನೆಲ್ಲ ಲಂಡನ್ನಿನ ಸರ್ಕಾರಿ ಕಚೇರಿಗೆ ತಂದಾಗ ಹೆಂಗಸರಿಗೆ ಅಲ್ಲಿ ಜಾಗ ಇರಲಿಲ್ಲ.

ನಿಜವಾದ ತಿರುವು ಇದೆಯಲ್ಲ, ಅದು ಫ್ರಾನ್ಸಿನದು. ಮಹಾಕ್ರಾಂತಿ ಆದ ಮೇಲೆ ಅಲ್ಲಿ ಅಳತೆಗಳನ್ನೆಲ್ಲ ಹೊಸದಾಗಿ ಹತ್ತರ ಲೆಕ್ಕಕ್ಕೆ ತರುತ್ತಿದ್ದರು. ಅದಕ್ಕೆ ತಕ್ಕ ಲಾಗರಿತಮ್ ಪಟ್ಟಿಗಳನ್ನು (ದೊಡ್ಡ ಗುಣಾಕಾರವನ್ನು ಕೂಡುವ ಲೆಕ್ಕಕ್ಕೆ ಇಳಿಸುವ ಅಂಕಿಗಳ ಪಟ್ಟಿ) ಹಿಂದೆಂದೂ ಇಲ್ಲದಷ್ಟು ದೊಡ್ಡದಾಗಿ ಮಾಡುವ ಹೊಣೆ ಗಾಸ್ಪಾರ್ ದ ಪ್ರೋನಿ ಎಂಬ ಎಂಜಿನಿಯರ್ ಹೆಗಲಿಗೆ ಬಿತ್ತು. ಒಬ್ಬರ ಆಯುಷ್ಯದಲ್ಲಿ ಮುಗಿಯುವ ಕೆಲಸ ಅಲ್ಲ. ಆಗ ಅವರಿಗೆ ದಾರಿ ತೋರಿಸಿದ್ದು ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಬರೆದಿದ್ದ ಗುಂಡುಸೂಜಿ ಕಾರ್ಖಾನೆಯ ವರ್ಣನೆ. ಒಬ್ಬ ತಂತಿ ಎಳೆಯುತ್ತಾನೆ, ಇನ್ನೊಬ್ಬ ಕತ್ತರಿಸುತ್ತಾನೆ, ಮತ್ತೊಬ್ಬ ತುದಿ ಚೂಪು ಮಾಡುತ್ತಾನೆ. ಗುಂಡುಸೂಜಿಯಂತೆ ಲಾಗರಿತಮ್ ಕೂಡ ತಯಾರಿಸಬಾರದೇಕೆ ಎಂದುಕೊಂಡರು ಪ್ರೋನಿ.

ಅವರು ಕೆಲಸವನ್ನು ಮೂರು ಅಂತಸ್ತು ಮಾಡಿದರು. ಮೇಲೆ ಬೆರಳೆಣಿಕೆಯ ಗಣಿತಜ್ಞರು, ಸೂತ್ರ ಆರಿಸುವವರು. ನಡುವೆ ಏಳೆಂಟು ಜನ, ಸೂತ್ರವನ್ನು ಅಂಕಿಗಳಿಗೆ ಇಳಿಸಿ ಹಾಳೆ ಸಿದ್ಧ ಮಾಡುವವರು. ಕೆಳಗೆ ಅರವತ್ತರಿಂದ ಎಂಬತ್ತು ಜನ. ಅವರಿಗೆ ಕೂಡುವುದು, ಕಳೆಯುವುದು ಬಂದರೆ ಸಾಕು. ಅವರಲ್ಲಿ ಹಲವರು ಕೆಲಸ ಕಳೆದುಕೊಂಡ ಕ್ಷೌರಿಕರು ಎಂಬ ಕಥೆ ಇದೆ. ಅವರು ಸಿಂಗರಿಸುತ್ತಿದ್ದ ಶ್ರೀಮಂತರ ತಲೆಗಳೇ ಕ್ರಾಂತಿಯಲ್ಲಿ ಉರುಳಿದ್ದವಂತೆ. ಕಥೆ ಎಷ್ಟು ನಿಜವೋ, ಆದರೆ ಆ ಮೂರನೇ ಅಂತಸ್ತಿನವರಿಗೆ ಗಣಿತ ಗೊತ್ತಿರಬೇಕಾಗಿರಲಿಲ್ಲ ಎಂಬುದು ಮಾತ್ರ ಖಾತ್ರಿ. ತಾವು ಏನನ್ನು ಲೆಕ್ಕ ಹಾಕುತ್ತಿದ್ದೇವೆ ಎಂದು ತಿಳಿಯದವರೇ ಕಡಿಮೆ ತಪ್ಪು ಮಾಡುತ್ತಾರೆ ಎಂಬ ಮಾತೂ ಆಗ ಬಂತು. ನನಗೆ ಇದು ಇಡೀ ಇತಿಹಾಸದ ಅತಿ ಮುಖ್ಯ ಮಾತು. ತಿಳಿವಳಿಕೆ ಇಲ್ಲದಿರುವುದೇ ಈ ಕೆಲಸಕ್ಕೆ ಅರ್ಹತೆ ಆದ ಮೇಲೆ, ಅಲ್ಲಿ ಮನುಷ್ಯನೇ ಯಾಕೆ ಬೇಕು?

ಆ ಪ್ರಶ್ನೆಯನ್ನು ಕೇಳಿಯೇಬಿಟ್ಟವರು ಇಂಗ್ಲಿಷ್ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್. ಪ್ರೋನಿಯವರ ಪದ್ಧತಿಯನ್ನು ಅವರು ಚೆನ್ನಾಗಿ ಬಲ್ಲವರು. 1832ರಲ್ಲಿ ಕಾರ್ಖಾನೆಗಳ ಬಗ್ಗೆ ಬರೆದಾಗ ಅದನ್ನು ಬುದ್ಧಿಯ ಕೆಲಸದ ವಿಭಜನೆ ಎಂದು ವಿವರಿಸಿದರು. ಕೆಳಗಿನ ಅಂತಸ್ತಿನ ಕೆಲಸವನ್ನು ಹಲ್ಲುಚಕ್ರಗಳಿಗೆ ಒಪ್ಪಿಸಬಹುದು ಎಂಬುದು ಅವರ ಡಿಫರೆನ್ಸ್ ಎಂಜಿನ್ ಎಂಬ ಲೆಕ್ಕದ ಯಂತ್ರದ ತಿರುಳು. ಆ ಯಂತ್ರ ಅವರ ಕಾಲದಲ್ಲಿ ಪೂರ್ತಿ ಆಗಲಿಲ್ಲ. ಅದು ಬೇರೆ ದೊಡ್ಡ ಕಥೆ. ಇಲ್ಲಿ ಗಮನಿಸಬೇಕಾದ್ದು ಕ್ರಮ. ಮೊದಲು ಕೆಲಸ ಒಡೆದರು, ಆಮೇಲೆ ಅಗ್ಗ ಮಾಡಿದರು, ಯಂತ್ರದ ಯೋಚನೆ ಬಂದದ್ದು ಮೂರನೆಯದಾಗಿ.

ಆದರೆ ಬುದ್ಧಿ ಬೇಡದ ಕೆಲಸ ಎಂಬ ಹಣೆಪಟ್ಟಿ ನಿಜವೇ? ಹಾರ್ವರ್ಡ್ ವೀಕ್ಷಣಾಲಯದ ಕಥೆ ಕೇಳಿದರೆ ಅನುಮಾನ ಬರುತ್ತದೆ. 1877ರಿಂದ ಅಲ್ಲಿ ನಿರ್ದೇಶಕರಾಗಿದ್ದ ಎಡ್ವರ್ಡ್ ಪಿಕರಿಂಗ್ ನಕ್ಷತ್ರಗಳ ಗಾಜಿನ ಫೋಟೋಗಳನ್ನು ಪರಿಶೀಲಿಸಲು ಹೆಂಗಸರನ್ನು ನೇಮಿಸಿಕೊಂಡರು. ಗಂಟೆಗೆ 25 ಸೆಂಟ್‌ನಿಂದ ಸಂಬಳ ಶುರು. ಹುದ್ದೆಯ ಹೆಸರು ಕಂಪ್ಯೂಟರ್. ಮೊದಲು ಪಿಕರಿಂಗ್ ಮನೆಯಲ್ಲಿ ಕೆಲಸಕ್ಕಿದ್ದ ವಿಲಿಯಮಿನಾ ಫ್ಲೆಮಿಂಗ್ ಆ ತಂಡದ ಮುಖ್ಯಸ್ಥೆಯಾದರು. ತನಗೆ ವರ್ಷಕ್ಕೆ 1,500 ಡಾಲರ್, ಗಂಡಸರಿಗೆ 2,500 ಡಾಲರ್ ಎಂದು 1900ರ ದಿನಚರಿಯಲ್ಲಿ ಅವರು ಬೇಸರದಿಂದ ಬರೆದುಕೊಂಡಿದ್ದಾರೆ. ಆನಿ ಜಂಪ್ ಕ್ಯಾನನ್ ಸುಮಾರು ಮೂರೂವರೆ ಲಕ್ಷ ನಕ್ಷತ್ರಗಳನ್ನು ವಿಂಗಡಿಸಿದರು. ಅವರು ಕೊಟ್ಟ ವರ್ಗೀಕರಣವನ್ನೇ ಖಗೋಳ ವಿದ್ಯಾರ್ಥಿಗಳು ಇವತ್ತಿಗೂ ಕಲಿಯುತ್ತಾರೆ.

ಹೆನ್ರಿಯೆಟಾ ಲೆವಿಟ್ ಅವರದು ಇನ್ನೂ ದೊಡ್ಡ ಕೆಲಸ. ಬೆಳಕು ಏರಿಳಿಯುವ ಒಂದು ಜಾತಿಯ ನಕ್ಷತ್ರಗಳಲ್ಲಿ, ಏರಿಳಿತಕ್ಕೆ ಹೆಚ್ಚು ದಿನ ಹಿಡಿದಷ್ಟೂ ನಕ್ಷತ್ರದ ಪ್ರಕಾಶ ಜಾಸ್ತಿ ಎಂಬುದನ್ನು ಅವರು ಕಂಡುಕೊಂಡರು. ಅದರಿಂದ ದೂರ ಅಳೆಯಬಹುದು. 1920ರ ದಶಕದಲ್ಲಿ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಇದನ್ನೇ ಬಳಸಿ ಆಂಡ್ರೊಮಿಡಾ ಎಂಬ ನಕ್ಷತ್ರರಾಶಿ ನಮ್ಮ ಗ್ಯಾಲಕ್ಸಿಯ ಆಚೆಗಿನದು ಎಂದು ತೋರಿಸಿದರು. ಲೆವಿಟ್ ಅವರ 1912ರ ವರದಿ ಹೊರಬಂದದ್ದು ಪಿಕರಿಂಗ್ ಸಹಿಯಲ್ಲಿ, ಮಿಸ್ ಲೆವಿಟ್ ಸಿದ್ಧಪಡಿಸಿದ್ದು ಎಂಬ ಒಂದು ಮಾತಿನೊಂದಿಗೆ. ಹುದ್ದೆ ಅಳೆಯುವವರದು, ಯೋಚಿಸುವವರದಲ್ಲ. ಯೋಚಿಸಿದರೂ ಆ ಹುದ್ದೆಯ ಹೆಸರಿನಡಿ ಅದು ಕಾಣುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಬಂದಾಗ ಲೆಕ್ಕದ ಹಸಿವು ಏರಿತು. ಅಮೆರಿಕದಲ್ಲಿ ಫಿರಂಗಿ ಗುಂಡಿನ ದಾರಿ, ವಿಮಾನದ ರೆಕ್ಕೆ, ಎಲ್ಲಕ್ಕೂ ಪಟ್ಟಿ ಬೇಕು. ಲೆಕ್ಕದ ಶ್ರಮವನ್ನು ಕಿಲೋಗರ್ಲ್ ಎಂಬ ಮಾನದಲ್ಲಿ ಅಳೆದ ಮಹಾಶಯರೂ ಇದ್ದರು. ಹುಡುಗಿಯರ ಸಾವಿರ ಗಂಟೆ ಎಂದು ಅದರ ಅರ್ಥ. ಕುದುರೆಗೆ ಹಾರ್ಸ್‌ಪವರ್ ಇದ್ದ ಹಾಗೆ! ಮನುಷ್ಯರನ್ನು ಮಾನಕ್ಕೆ ಇಳಿಸಿದ ಮೇಲೆ ಹೆಸರು ಕಳೆದುಕೊಳ್ಳುವುದು ಇನ್ನೆಷ್ಟು ದೂರ?

ವರ್ಜೀನಿಯಾದ ಲ್ಯಾಂಗ್ಲಿ ವಿಮಾನ ಸಂಶೋಧನಾಲಯದಲ್ಲಿ 1935ರಿಂದಲೇ ಮಹಿಳಾ ಕಂಪ್ಯೂಟರ್‌ಗಳಿದ್ದರು. 1943ರಲ್ಲಿ ಸೇರಿದ ಡೊರೊಥಿ ವಾನ್ ಅವರಂಥ ಕಪ್ಪು ಮಹಿಳೆಯರಿಗೆ ಬೇರೆಯೇ ವಿಭಾಗ, ಊಟಕ್ಕೂ ಬೇರೆ ಮೇಜು. ಮುಂದೆ ಎಲೆಕ್ಟ್ರಾನಿಕ್ ಯಂತ್ರಗಳು ಬಂದಾಗ ವಾನ್ ತಾವೇ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ಬೇರೆಯವರಿಗೂ ಕಲಿಸಿದರು. 1962ರಲ್ಲಿ ಗಗನಯಾತ್ರಿ ಜಾನ್ ಗ್ಲೆನ್ ಭೂಮಿ ಸುತ್ತಲು ಹೊರಡುವ ಮುಂಚೆ, ಯಂತ್ರ ಕೊಟ್ಟ ಅಂಕಿಗಳನ್ನು ಕ್ಯಾಥರೀನ್ ಜಾನ್ಸನ್ ಒಮ್ಮೆ ನೋಡಲಿ ಎಂದು ಕೇಳಿದರು. ಜಾನ್ಸನ್ ಹಿಂದೆ ಇದೇ ಲ್ಯಾಂಗ್ಲಿಯ ಕಂಪ್ಯೂಟರ್ ಆಗಿದ್ದವರು. ಹೊಸ ಕಂಪ್ಯೂಟರ್ ಮಾಡಿದ್ದನ್ನು ಹಳೆಯ ಕಂಪ್ಯೂಟರ್ ಸರಿ ಎಂದ ಮೇಲೆಯೇ ಗ್ಲೆನ್ ಹೊರಟರು.

ಹೆಸರು ಜಾರಿದ ಹೊತ್ತನ್ನು ಸಾಕಷ್ಟು ಹತ್ತಿರದಿಂದ ಹಿಡಿಯಬಹುದು. ಇಂಗ್ಲಿಷ್ ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ತಮ್ಮ ಪ್ರಸಿದ್ಧ ಪ್ರಬಂಧ ಬರೆದಾಗ ಕಂಪ್ಯೂಟರ್ ಎಂದರೆ ಚೌಕಳಿ ಹಾಳೆಯ ಮುಂದೆ ಕೂತ ಮನುಷ್ಯ. ಅವನು ಎಂದೇ ಕರೆಯುತ್ತಾರೆ, ಅವನ ಮನಸ್ಥಿತಿಯ ಬಗ್ಗೆ ಮಾತಾಡುತ್ತಾರೆ. ಅವನು ಮಾಡುವುದನ್ನೆಲ್ಲ ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಇದನ್ನು ಒಂದು ಯಂತ್ರವೂ ಮಾಡಬಲ್ಲದು ಎಂದು ತೋರಿಸಿದರು. ಪ್ರೋನಿ ಮಾಡಿದ್ದನ್ನೇ ಅವರು ಕಾಗದದ ಮೇಲೆ ಕೊನೆಯ ಚೂರಿನವರೆಗೆ ಮಾಡಿದರು ಎನ್ನಬಹುದು. 1945ರಲ್ಲಿ ಬೆಲ್ ಲ್ಯಾಬ್ಸ್‌ನ ಜಾರ್ಜ್ ಸ್ಟಿಬಿಟ್ಜ್, ಕಂಪ್ಯೂಟರ್ ಎಂದರೆ ಯಂತ್ರ, ಮನುಷ್ಯರನ್ನು ಆಪರೇಟರ್ ಎನ್ನೋಣ ಎಂದು ವರದಿಯಲ್ಲಿ ಸೂಚಿಸಿದರು. 1946ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಅದರ ಹೆಸರಿನ ಕೊನೆಯ ಪದವೇ ಕಂಪ್ಯೂಟರ್. ಒಬ್ಬರಿಗೆ ಒಂದು ದಿನಕ್ಕೂ ಹೆಚ್ಚು ಹಿಡಿಯುವ ಲೆಕ್ಕವನ್ನು ಅದು ಅರ್ಧ ನಿಮಿಷದಲ್ಲಿ ಮಾಡುತ್ತಿತ್ತು. ಅದಕ್ಕೆ ಪ್ರೋಗ್ರಾಮ್ ಮಾಡಿದ ಆರು ಮಹಿಳೆಯರು ಹಿಂದೆ ಕಂಪ್ಯೂಟರ್ ಹುದ್ದೆಯಲ್ಲಿದ್ದವರು. ಅಂದು ರಾತ್ರಿಯ ಸಂಭ್ರಮದ ಊಟಕ್ಕೆ ಅವರನ್ನು ಕರೆಯಲಿಲ್ಲ.

1950ರಲ್ಲಿ ಟ್ಯೂರಿಂಗ್ ಇನ್ನೊಂದು ಪ್ರಬಂಧ ಬರೆದರು. ಅಲ್ಲಿ ಅವರು ಹ್ಯೂಮನ್ ಕಂಪ್ಯೂಟರ್ ಎಂದು ಬಿಡಿಸಿ ಹೇಳಬೇಕಾಯಿತು. ಹದಿನಾಲ್ಕೇ ವರ್ಷದಲ್ಲಿ ಬರೀ ಕಂಪ್ಯೂಟರ್ ಎಂಬ ಹೆಸರು ಮನುಷ್ಯನಿಗೆ ಸಾಲದಾಗಿತ್ತು. ಯಾವುದೇ ಕೆಲಸದ ಹೆಸರಿಗೆ ಮನುಷ್ಯ ಎಂಬ ವಿಶೇಷಣ ಅಂಟಿಸುವ ಪ್ರಮೇಯ ಬಂದರೆ, ಹೆಸರು ಆಗಲೇ ಕೈ ಬದಲಾಯಿಸಿದೆ ಎಂದು ತಿಳಿಯಬಹುದು.

ಈಗ ಏಜೆಂಟ್ ಪದಕ್ಕೆ ಬರೋಣ. ಇದರ ಬೇರೂ ಲ್ಯಾಟಿನ್. ಅಗೆರೆ ಎಂದರೆ ಮಾಡುವುದು, ನಡೆಸುವುದು. ಇನ್ನೊಬ್ಬರ ಪರವಾಗಿ ಕೆಲಸ ಮಾಡುವವರು ಏಜೆಂಟ್. ಈಗ ಸಾಫ್ಟ್‌ವೇರ್ ಕಂಪನಿಗಳು ಎಐ ಏಜೆಂಟ್ ಮಾರುತ್ತಿವೆ. ಗ್ರಾಹಕ ಸೇವೆಯ ಚಾಟ್ ಕಿಟಕಿಗಳಲ್ಲಿ ಹ್ಯೂಮನ್ ಏಜೆಂಟ್ ಜೊತೆ ಮಾತಾಡಬೇಕೆ ಎಂಬ ಪ್ರಶ್ನೆ ಆಗಲೇ ಮಾಮೂಲಾಗಿದೆ. ಅದಕ್ಕೂ ಮೊದಲು ಆ ಕೆಲಸ ಏನಾಗಿತ್ತು ನೋಡಿ. ಕಾಲ್ ಸೆಂಟರ್‌ಗಳಲ್ಲಿ ಏನು ಹೇಳಬೇಕು ಎಂಬುದಕ್ಕೆ ಬರೆದಿಟ್ಟ ಸ್ಕ್ರಿಪ್ಟ್, ಒಂದು ಕರೆಗೆ ಇಷ್ಟೇ ಹೊತ್ತು ಎಂಬ ಲೆಕ್ಕ, ಸ್ವಂತ ಬುದ್ಧಿ ಓಡಿಸಿದರೆ ದೂರು. ಪ್ರೋನಿಯವರ ಮೂರನೇ ಅಂತಸ್ತು ಇದೇ ಅಲ್ವಾ?

ಆ ಅಂತಸ್ತು ಖಾಲಿಯೂ ಆಗಿಲ್ಲ, ಸುಮ್ನೆ ಕಣ್ಣಿಂದ ಮರೆಯಾಗಿದೆ. ಅಮೆಜಾನ್ 2005ರಲ್ಲಿ ಶುರು ಮಾಡಿದ ಮೆಕ್ಯಾನಿಕಲ್ ಟರ್ಕ್ ಎಂಬ ಸೇವೆಯಲ್ಲಿ ಯಂತ್ರಕ್ಕೆ ಬಾರದ ಚಿಕ್ಕ ಚಿಕ್ಕ ಕೆಲಸಗಳನ್ನು ಜನ ಪುಡಿಗಾಸಿಗೆ ಮಾಡುತ್ತಾರೆ. ಚಾಟ್‌ಜಿಪಿಟಿಯನ್ನು ಸಭ್ಯ ಮಾಡಲು ಹೊಲಸು ಬರಹಗಳನ್ನು ಓದಿ ಗುರುತು ಹಾಕಿದ ಕೀನ್ಯಾದ ಕೆಲಸಗಾರರಿಗೆ ಗಂಟೆಗೆ 2 ಡಾಲರ್‌ಗಿಂತ ಕಡಿಮೆ ಸಿಗುತ್ತಿತ್ತು ಎಂದು 2023ರಲ್ಲಿ ಟೈಮ್ ಪತ್ರಿಕೆ ವರದಿ ಮಾಡಿತು. ಅವರನ್ನು ಯಾರೂ ಏಜೆಂಟ್ ಅನ್ನುವುದಿಲ್ಲ.

ಕಂಪ್ಯೂಟರ್‌ಗೂ ಏಜೆಂಟ್‌ಗೂ ಒಂದು ವ್ಯತ್ಯಾಸ ಇದೆ. ಕಂಪ್ಯೂಟರ್ ಎಂಬ ಹೆಸರಿನ ಜೊತೆ ಹೊಣೆ ಬರುತ್ತಿರಲಿಲ್ಲ. ಲೆಕ್ಕ ತಪ್ಪಿದರೆ ಹೋಲಿಸಿ ನೋಡುವವರು ಹಿಡಿಯುತ್ತಿದ್ದರು, ಪಂಚಾಂಗಕ್ಕೆ ಮಾಸ್ಕಲಿನ್ ಹೊಣೆ. ಏಜೆಂಟ್ ಹಾಗಲ್ಲ. ಅದು ಕಾನೂನಿನ ಪದ ಕೂಡ. ಏಜೆಂಟ್ ಕೊಟ್ಟ ಮಾತು ಅವರನ್ನು ನೇಮಿಸಿದವರನ್ನು ಕಟ್ಟಿಹಾಕುತ್ತದೆ. ಹಾಗಾಗಿ ಇಲ್ಲಿ ಹೆಸರಿನ ಜೊತೆ ಹೊಣೆಯನ್ನೂ ಯಂತ್ರದ ತಲೆಗೆ ಕಟ್ಟುವ ಆಸೆ ಹುಟ್ಟುತ್ತದೆ.

ಇದು ಬರೀ ಊಹೆ ಅಲ್ಲ. ಏರ್ ಕೆನಡಾದ ವೆಬ್‌ಸೈಟಿನ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ತಪ್ಪು ಮಾಹಿತಿ ಕೊಟ್ಟಿತು. ಬಂಧುಗಳು ತೀರಿಕೊಂಡಾಗ ಸಿಗುವ ರಿಯಾಯಿತಿಯನ್ನು ಪ್ರಯಾಣ ಮುಗಿದ ಮೇಲೂ ಕೇಳಬಹುದು ಎಂದಿತ್ತು. ಕಂಪನಿಯ ನಿಯಮ ಹಾಗಿರಲಿಲ್ಲ, ಹಣ ಕೊಡುವುದಿಲ್ಲ ಎಂದರು. ವಿಷಯ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋಯಿತು. ಚಾಟ್‌ಬಾಟ್ ಒಂದು ಪ್ರತ್ಯೇಕ ಕಾನೂನು ವ್ಯಕ್ತಿ, ತನ್ನ ಮಾತಿಗೆ ಅದೇ ಹೊಣೆ ಎಂಬಂಥ ವಾದವನ್ನು ಕಂಪನಿ ಮುಂದಿಟ್ಟಿತು. 2024ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ಚಾಟ್‌ಬಾಟ್ ಕೂಡ ಕಂಪನಿಯ ವೆಬ್‌ಸೈಟಿನ ಒಂದು ಭಾಗ, ಅಲ್ಲಿರುವ ಎಲ್ಲ ಮಾಹಿತಿಗೂ ಕಂಪನಿಯೇ ಹೊಣೆ ಎಂದು ಹೇಳಿ, ಪ್ರಯಾಣಿಕರಿಗೆ ಪರಿಹಾರ ಕೊಡಿಸಿತು.

ಅದು ಸಣ್ಣ ಮೊತ್ತದ ವ್ಯಾಜ್ಯ. ಬೇರೆ ನ್ಯಾಯಾಲಯಗಳು ಅದನ್ನು ಪಾಲಿಸಲೇಬೇಕು ಎಂದೇನೂ ಇಲ್ಲ. ಆ ಚಾಟ್‌ಬಾಟ್ ಬರೀ ಪ್ರಶ್ನೆಗೆ ಉತ್ತರ ಹೇಳುವಂಥದ್ದು. ಈಗ ಬರುತ್ತಿರುವ ಏಜೆಂಟ್‌ಗಳು ಟಿಕೆಟ್ ಕಾಯ್ದಿರಿಸುತ್ತವೆ, ಹಣ ಪಾವತಿ ಮಾಡುತ್ತವೆ, ನಮ್ಮ ಹೆಸರಿನಲ್ಲಿ ಪತ್ರ ಬರೆಯುತ್ತವೆ. ಅವು ತಪ್ಪು ಮಾಡಿದಾಗ ತೆರಬೇಕಾದವರು ಮಾಡಿದ ಕಂಪನಿಯೋ, ಕೊಂಡ ಕಂಪನಿಯೋ, ಬಟನ್ ಒತ್ತಿದ ನಾವೋ? ಹೆಸರಂತೂ ಆಗಲೇ ಕೊಟ್ಟಾಗಿದೆ. ಈ ಪ್ರಶ್ನೆಗೆ ಉತ್ತರ ಇನ್ನೂ ಒಪ್ಪಂದದ ಸಣ್ಣಕ್ಷರಗಳಲ್ಲಿ, ಕಂಪನಿಗೊಂದು ಬಗೆಯಲ್ಲಿ ಬರೆಯಲಾಗುತ್ತಿದೆ.